ಬೇವಿನ ಬದುವಿನಲ್ಲಿ ಮಲಗಿದವಳು

ನ್ಯಾಮತಿ
12 ಜೂನ್ 2024

ಕರಿಗುಡ್ಡದಹಟ್ಟಿಯ ಶ್ರೀ ಕೆಂಚೇಶ್ ಅವರಿಗೆ,

ನನ್ನ ಹೆಸರು ಸರ್ವಮಂಗಳಮ್ಮ. ‘ಅಂಗಳ’ ಎಂಬ ಸ್ವಯಂಸೇವಾ ಸಂಸ್ಥೆ ನ್ಯಾಮತಿಯಲ್ಲಿ ನಡೆಸುವ ಮಹಿಳೆಯರ ಆಶ್ರಯ ಕೇಂದ್ರ ನೋಡಿಕೊಳ್ಳುತ್ತೇನೆ. ಮನಸ್ಸು ಕೆಟ್ಟು ಬೀದಿಗೆ ಬಿದ್ದ ಹೆಣ್ಣುಮಕ್ಕಳನ್ನು ಕರೆತಂದು, ಔಷಧಿ ಕೊಡಿಸಿ, ಮನೆ ನೆನಪಾದ ಮೇಲೆ ಮನೆ ಮುಟ್ಟಿಸುವುದು ನಮ್ಮ ಕೆಲಸ.

ಲಾಕ್‌ಡೌನ್ ಹೊತ್ತಿನಲ್ಲಿ ಹೊನ್ನಾಳಿ ಬಸ್ ನಿಲ್ದಾಣದ ಹಿಂದೆ ಒಬ್ಬಾಕೆ ಸಿಕ್ಕಳು. ಹೆಸರು ಕೇಳಿದರೆ ಗೋಡೆ ನೋಡುತ್ತಿದ್ದಳು. ಗಿರಿಜಾ ಎಂದು ನಾವೇ ಕರೆಯುತ್ತ ಬಂದೆವು. ಕಳೆದ ತಿಂಗಳು ಕೇಂದ್ರದಲ್ಲಿ ನಲ್ಲಿ ನೀರು ನಿಂತುಹೋಯಿತು. ಎಲ್ಲರೂ ಬಿಂದಿಗೆ ಹಿಡಿದು ಗೊಣಗುತ್ತಿದ್ದಾಗ ಈಕೆ, “ನಮ್ಮ ಕೆಂಚ ಇದ್ದಿದ್ರೆ ವಾಲು ತಿರುವಿ ನೀರು ಬಿಡ್ತಿದ್ದ” ಎಂದಳು. ಯಾವ ಕೆಂಚ ಎಂದು ಕೇಳಿದೆ. “ನನ್ನ ತಮ್ಮ ರೀ. ಜಗಳೂರು ಕಡೆ, ಕರಿಗುಡ್ಡದಹಟ್ಟಿ. ನಾನು ಹುಲಿಗೆಮ್ಮ” ಎಂದಳು. ನಾಲ್ಕು ವರ್ಷದಲ್ಲಿ ಆಕೆ ಒಟ್ಟಿಗೆ ಅಷ್ಟು ಮಾತಾಡಿದ್ದು ಅದೇ ಮೊದಲು.

ಜಗಳೂರಿನ ಪರಿಚಯದವರು ವಿಚಾರಿಸಿ, ನೀವು ಅಲ್ಲಿ ಪಂಚಾಯ್ತಿ ನೀರುಗಂಟಿ ಎಂದು ತಿಳಿಸಿದರು. ನಿಮ್ಮ ಫೋನ್ ನಂಬರನ್ನೂ ಕೊಟ್ಟರು. ಆದರೂ ಕಾಗದ ಬರೆಯುತ್ತಿದ್ದೇನೆ. ಇಂಥ ಸುದ್ದಿ ಫೋನಿನಲ್ಲಿ ಹೇಳಿದರೆ ಜನ ಅರ್ಧಕ್ಕೇ ಕಟ್ ಮಾಡುತ್ತಾರೆ. ಕಾಗದವನ್ನಾದರೆ ಇನ್ನೊಮ್ಮೆ ಓದುತ್ತಾರೆ.

ನಿಮ್ಮ ಅಕ್ಕ ಈಗ ಆರೋಗ್ಯವಾಗಿದ್ದಾಳೆ. ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಾಳೆ. ದಿನಾ ನಿಮ್ಮ ದಾರಿ ನೋಡುತ್ತಾಳೆ. ಬೇಗ ಬನ್ನಿ.

ಇಂತಿ,
ಸರ್ವಮಂಗಳಮ್ಮ


ಕರಿಗುಡ್ಡದಹಟ್ಟಿ, ಜಗಳೂರು ತಾಲ್ಲೂಕು
24 ಜೂನ್ 2024

ಸಂಸ್ಥೆಯ ಮೇಡಂ ಅವರಿಗೆ ನಮಸ್ಕಾರ.

ನಿಮ್ಮ ಕಾಗದ ತಲುಪಿತು. ನಮ್ಮ ಅಕ್ಕ ಹುಲಿಗೆಮ್ಮ ತೀರಿಕೊಂಡು ಆರು ವರ್ಷವಾಯಿತು. ಮಣ್ಣು ಮಾಡಿದ್ದೇವೆ, ತಿಥಿ ಮಾಡಿದ್ದೇವೆ. ನಿಮಗೆ ನಮ್ಮ ಮನೆಯ ವಿಷಯ ಯಾರು ಹೇಳಿದರೋ ಗೊತ್ತಿಲ್ಲ.

ತಪ್ಪು ತಿಳಿಯಬೇಡಿ. ನಮ್ಮೂರಿಗೆ ಹಿಂದೆ ಒಂದು ಸಂಸ್ಥೆಯವರು ಬಂದಿದ್ದರು. ಹೆಂಗಸರನ್ನೆಲ್ಲ ಸಾಲಾಗಿ ನಿಲ್ಲಿಸಿ, ಕೈಗೊಂದು ಸಸಿ ಕೊಟ್ಟು ಫೋಟೋ ತೆಗೆದರು. ಆಮೇಲೆ ಸಸಿಗಳನ್ನು ವಾಪಸ್ ಇಸಕೊಂಡು ಟೆಂಪೋಕ್ಕೆ ಹಾಕಿ ಮುಂದಿನ ಊರಿಗೆ ಹೋದರು. ನೀವು ಅಂಥವರು ಎಂದು ಹೇಳುತ್ತಿಲ್ಲ. ಆದರೆ ನಮ್ಮಿಂದ ನಿಮಗೆ ಆಗಬೇಕಾದದ್ದು ಏನೂ ಇಲ್ಲ.

ನಮ್ಮ ಅವ್ವ ಅಂತರಘಟ್ಟಮ್ಮನಿಗೆ ವಯಸ್ಸಾಗಿದೆ. ಈಗೀಗ ಅವಳಿಗೆ ನಿದ್ದೆ ಹತ್ತುತ್ತಿದೆ. ಈ ಕಾಗದವನ್ನು ಅವಳಿಗೆ ಓದಿ ಹೇಳಿಲ್ಲ. ದಯವಿಟ್ಟು ಇನ್ನು ಬರೆಯಬೇಡಿ. ಫೋನಂತೂ ಮಾಡಲೇಬೇಡಿ, ಮನೆಯಲ್ಲಿ ಅವಳೇ ಎತ್ತುತ್ತಾಳೆ.

ಕೆಂಚೇಶ್


ನ್ಯಾಮತಿ
3 ಜುಲೈ 2024

ಕೆಂಚೇಶ್ ಅವರಿಗೆ,

ತೀರಿಕೊಂಡಳು ಎಂಬ ಮಾತನ್ನು ಈ ಕೆಲಸದಲ್ಲಿ ನಾನು ಕೇಳುತ್ತಿರುವುದು ಇದೇ ಮೊದಲಲ್ಲ. ಚನ್ನಗಿರಿಯ ಒಂದು ಮನೆಯವರು ತಾಯಿಯ ಫೋಟೋಕ್ಕೆ ಹಾಕಿದ ಹಾರ ತೋರಿಸಿ ಕಣ್ಣೊರೆಸಿಕೊಂಡರು. ಆ ತಾಯಿ ಹೊರಗೆ ನಮ್ಮ ಜೀಪಿನಲ್ಲಿ ಕೂತಿದ್ದರು.

ನಿಮ್ಮ ಮನೆಯಲ್ಲೂ ಕಷ್ಟಗಳಿರಬಹುದು. ಹುಚ್ಚಿಯ ಮನೆ ಎಂದು ಊರು ಆಡಿಕೊಳ್ಳುವ ಭಯವಿರಬಹುದು. ಅದನ್ನು ನೇರವಾಗಿ ಬರೆದಿದ್ದರೆ ನಾನು ಅರ್ಥ ಮಾಡಿಕೊಳ್ಳುತ್ತಿದ್ದೆ. ಬದುಕಿರುವವಳನ್ನು ಮಣ್ಣು ಮಾಡಿದ್ದೇವೆ ಎಂದು ಬರೆಯಲು ನಿಮಗೆ ಮನಸ್ಸಾದರೂ ಹೇಗೆ ಬಂತು?

ಆಕೆಯ ಫೋಟೋ ಇಟ್ಟಿದ್ದೇನೆ. ಇದು ಯಾವ ಪತ್ರಿಕೆಗೂ ಅಲ್ಲ, ನಿಮಗೆ. ನೋಡಿ. ಆಮೇಲೂ ನಮ್ಮವಳಲ್ಲ ಎನಿಸಿದರೆ ಹಾಗೆಂದು ಒಂದು ಸಾಲು ಬರೆಯಿರಿ. ಆಕೆ ಇಲ್ಲೇ ಇರುತ್ತಾಳೆ. ನಮಗೆ ಆಕೆ ಭಾರವಲ್ಲ.

ಸರ್ವಮಂಗಳಮ್ಮ


ನ್ಯಾಮತಿ
19 ಆಗಸ್ಟ್ 2024

ಕೆಂಚೇಶ್ ಅವರಿಗೆ,

ನಿಮ್ಮಿಂದ ಉತ್ತರ ಬರಲಿಲ್ಲ. ನಾನೂ ಬರೆಯಬಾರದು ಎಂದುಕೊಂಡಿದ್ದೆ. ಆದರೆ ನಿನ್ನೆ ನಡೆದದ್ದನ್ನು ಕೇಳದೆ ಇರಲಾರೆ.

ನಾನು ನಿನ್ನೆ ಹೊನ್ನಾಳಿಗೆ ಹೋಗಿದ್ದೆ. ಸಂಜೆ ಬಂದಾಗ ಅಡುಗೆಯ ಲಕ್ಷ್ಮಕ್ಕ ಹೇಳಿದಳು. ಕೇಂದ್ರದ ಎದುರಿನ ಚಹಾ ಅಂಗಡಿಯಲ್ಲಿ ಯಾರೋ ಬೆಳಿಗ್ಗೆಯಿಂದ ಕೂತಿದ್ದರಂತೆ. ಹುಲಿಗೆಮ್ಮ ಒಣಗಿದ ಬಟ್ಟೆ ತೆಗೆಯಲು ಹೊರಗೆ ಬಂದಾಗ ಎದ್ದು ನಿಂತರಂತೆ. ಅವಳು ಒಂದೊಂದೇ ಸೀರೆ ಮಡಚಿ ಒಳಗೆ ಹೋಗುವವರೆಗೂ ನಿಂತೇ ಇದ್ದರಂತೆ. ಲಕ್ಷ್ಮಕ್ಕ ಹೋಗಿ “ಯಾರು ಬೇಕಿತ್ರೀ?” ಎಂದಳು. “ಯಾರೂ ಇಲ್ರೀ, ಬಸ್ಸಿಗೆ ಕಾಯ್ತಾ ಇದೀನಿ” ಎಂದರಂತೆ. ನಮ್ಮ ರಸ್ತೆಗೆ ಬಸ್ಸೇ ಬರುವುದಿಲ್ಲ.

ಹೋಗುವಾಗ ಒಂದು ಕೈಚೀಲ ಕೊಟ್ಟು, “ಒಳಗಿರೋರಿಗೆ ಕೊಡ್ರಿ” ಎಂದರಂತೆ. ಅದರಲ್ಲಿ ಶೇಂಗಾ ಉಂಡೆ ಇದ್ದವು. ಎಲ್ಲರಿಗೂ ಹಂಚಿದೆವು. ಹುಲಿಗೆಮ್ಮ ತನ್ನ ಪಾಲಿನದನ್ನು ಮೂಸಿ ನೋಡಿ, ನಿಧಾನವಾಗಿ ತಿಂದು, ಕೈ ತೊಳೆಯದೆ ಬಹಳ ಹೊತ್ತು ಕೂತಿದ್ದಳು.

ಅದು ನೀವೇ ತಾನೆ? ಅಷ್ಟು ದೂರ ಬಂದು, ಗೇಟಿನ ಒಳಗೆ ಕಾಲಿಡದೆ ಹೋದದ್ದೇಕೆ?

ಸರ್ವಮಂಗಳಮ್ಮ


ಕರಿಗುಡ್ಡದಹಟ್ಟಿ
30 ಆಗಸ್ಟ್ 2024

ಮೇಡಂ ಅವರಿಗೆ,

ಹೌದು, ನಾನೇ. ಫೋನಿನಲ್ಲಿ ಹೇಳೋಣವೆಂದು ಊರ ಹೊರಗೆ ಟ್ಯಾಂಕಿನ ಹತ್ತಿರ ನಿಂತು ನಿಮ್ಮ ಸಂಸ್ಥೆಯ ನಂಬರ್ ಒತ್ತಿದೆ. ಮಾತು ಹೊರಡಲಿಲ್ಲ, ಇಟ್ಟುಬಿಟ್ಟೆ. ಬರೆದರೇ ಸರಿ.

ನೀವು ಕಳಿಸಿದ ಫೋಟೋ ನೋಡಿದಾಗ ಮೊದಲು ನಂಬಲಿಲ್ಲ. ಕೂದಲು ಗಿಡ್ಡವಾಗಿದೆ, ಮುಖ ಬತ್ತಿದೆ. ಆದರೆ ನಮ್ಮ ಅಕ್ಕ ಯಾರಾದರೂ ಫೋಟೋ ತೆಗೆಯುತ್ತಾರೆ ಎಂದರೆ ಎಡಗೈಯಲ್ಲಿ ಸೆರಗಿನ ತುದಿ ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದಳು. ಅದರಲ್ಲೂ ಹಾಗೇ ಹಿಡಿದಿದ್ದಾಳೆ. ಆ ಫೋಟೋ ಅಂಗಿಯ ಜೇಬಿನಲ್ಲಿಟ್ಟುಕೊಂಡು ತಿಂಗಳಿಗೂ ಹೆಚ್ಚು ತಿರುಗಿದೆ.

ನಾನು ನಿಮಗೆ ಸುಳ್ಳು ಬರೆದಿರಲಿಲ್ಲ ಮೇಡಂ. ಹೆರಿಗೆಯಲ್ಲಿ ಕೂಸು ಹೋದಾಗಿನಿಂದ ಅಕ್ಕನ ಮನಸ್ಸು ಸರಿ ಇರಲಿಲ್ಲ. ಗಂಡನ ಮನೆಯವರು ತಂದು ಬಿಟ್ಟುಹೋದರು. 2018ರ ಯುಗಾದಿ ಕಳೆದ ಮೇಲೆ ಒಂದು ದಿನ ಜಗಳೂರು ಸಂತೆಗೆಂದು ಅವ್ವನ ಜೊತೆ ಹೋದವಳು ಗದ್ದಲದಲ್ಲಿ ಯಾವುದೋ ಬಸ್ಸು ಹತ್ತಿದಳು. ಸಂತೇಬೆನ್ನೂರಿನಲ್ಲಿ ಅಂಥವಳನ್ನು ಕಂಡೆವು ಎಂದು ಯಾರೋ ಹೇಳಿದರು. ಆ ಕಡೆಯ ಊರೂರು ಬೈಕಿನಲ್ಲಿ ತಿರುಗಿದೆ. ಆಷಾಢದಲ್ಲಿ ಪೊಲೀಸರ ಫೋನ್ ಬಂತು. ಕತ್ತಲಗೆರೆ ಕಡೆ ನಾಲೆಯಲ್ಲಿ ಒಬ್ಬ ಹೆಣ್ಣುಮಗಳ ಹೆಣ ಸಿಕ್ಕಿದೆ, ಬಂದು ನೋಡಿ ಎಂದರು.

ಹೋದೆ. ಮುಖ ಗುರುತು ಸಿಗುವ ಹಾಗಿರಲಿಲ್ಲ. ಅಷ್ಟೇ ಎತ್ತರ. ಹಸಿರು ಸೀರೆ, ಅಕ್ಕ ಉಟ್ಟು ಹೋಗಿದ್ದೂ ಹಸಿರೇ. “ನಿಮ್ಮೋರೇನಪ್ಪಾ?” ಎಂದು ಕೇಳಿದರು. ಹೌದು ಎಂದೆ. ಆ ಹೊತ್ತಿಗೆ ನನಗೆ ಅವಳೇ ಎನಿಸಿತು. ಊರಿಗೆ ತಂದು, ನಮ್ಮ ಹೊಲದ ಬೇವಿನ ಮರದ ಬದುವಿನಲ್ಲಿ ಮಣ್ಣು ಮಾಡಿದೆವು. ಪ್ರತಿ ಮಹಾಲಯ ಅಮಾವಾಸ್ಯೆಗೆ ಅವ್ವ ಅಲ್ಲಿ ಎಡೆ ಇಟ್ಟು ಅಳುತ್ತಾಳೆ.

ಅವತ್ತು ನಿಮ್ಮ ಗೇಟಿನ ಒಳಗೆ ಅಕ್ಕ ಬಟ್ಟೆ ಮಡಚುತ್ತಿದ್ದಾಗ ಓಡಿಹೋಗಿ ಕೈ ಹಿಡಿದುಕೊಳ್ಳಬೇಕು ಎನಿಸಿತು. ಆಗಲೇ ಇನ್ನೊಂದು ಯೋಚನೆ ಬಂತು. ಇವಳು ಇಲ್ಲಿದ್ದಾಳೆ. ಹಾಗಾದರೆ ಅಲ್ಲಿರುವವಳು ಯಾರು? ಕಾಲು ಮುಂದಕ್ಕೆ ಬರಲಿಲ್ಲ ಮೇಡಂ. ಅವ್ವನಿಗೆ ಏನಂತ ಹೇಳಲಿ? ಪೊಲೀಸರು ನನ್ನನ್ನು ಏನು ಕೇಳುತ್ತಾರೋ? ನನಗೆ ಗೊತ್ತಾಗುತ್ತಿಲ್ಲ. ನೀವೇ ಒಂದು ದಾರಿ ಹೇಳಿ.

ಕೆಂಚೇಶ್


ನ್ಯಾಮತಿ
10 ಸೆಪ್ಟೆಂಬರ್ 2024

ಕೆಂಚೇಶ್,

ನಿಮ್ಮ ಕಾಗದ ಬಂತು. ಜುಲೈ ತಿಂಗಳಲ್ಲಿ ನಾನು ಬರೆದದ್ದನ್ನು ಹರಿದುಹಾಕಿ. ಮೂರು ಮನೆಗಳ ಸುಳ್ಳು ಕೇಳಿದವಳು ನಾಲ್ಕನೆಯ ಮನೆಯ ನಿಜವನ್ನೂ ಸುಳ್ಳೆಂದುಕೊಂಡೆ.

ನಿಮ್ಮ ಅಕ್ಕ ದಿನಾ ನಿಮ್ಮ ದಾರಿ ನೋಡುತ್ತಾಳೆ ಎಂದಿದ್ದೆನಲ್ಲ, ಆ ಮಾತು ನನ್ನದು, ಅವಳದಲ್ಲ. ನಿಮ್ಮ ಮನಸ್ಸು ಕರಗಲಿ ಎಂದು ಸೇರಿಸಿದೆ. ಅವಳು ನಿಮ್ಮ ಹೆಸರು ಹೇಳಿದ್ದು ಅದೊಂದೇ ಸಲ. ಹಾಗಾಗಿ ಮೊದಲು ಅವಳನ್ನೇ ಕೇಳಬೇಕಿತ್ತು. ಕೇಳಿದೆ. ಡಾಕ್ಟರ್ ಒಪ್ಪಿದ ಮೇಲೆ, ಅವರ ಎದುರೇ, ನಡೆದದ್ದನ್ನೆಲ್ಲ ನಿಧಾನವಾಗಿ ತಿಳಿಸಿದೆ.

“ಅಂದ್ರೆ ನಾನು ಸತ್ತೀನಾ?” ಎಂದು ನಕ್ಕಳು. ನನಗೆ ಭಯವಾಯಿತು. ಆಮೇಲೆ ಅಡುಗೆಮನೆಗೆ ಹೋಗಿ ರೊಟ್ಟಿ ತಟ್ಟಲು ಕೂತಳು. ಸ್ವಲ್ಪ ಹೊತ್ತಾದ ಮೇಲೆ, ತಲೆ ಎತ್ತದೆ, “ಯಾವ ಸೀರೆ ಉಡಿಸಿದ್ರಂತೆ?” ಎಂದಳು. ನನಗೆ ಗೊತ್ತಿಲ್ಲ, ನಿನ್ನ ತಮ್ಮನನ್ನು ಕೇಳಬೇಕು ಎಂದೆ. “ಬಂದ್ರೆ ಕೇಳ್ತೀನಿ” ಎಂದಳು.

ಬಂದರೆ ಎಂದಿದ್ದಾಳೆ. ಬನ್ನಿ. ಮನೆಗೆ ಹೋಗುವುದು ಬಿಡುವುದು ಅವಳಿಗೆ ಬಿಟ್ಟದ್ದು, ಅವಳು ಒಪ್ಪದೆ ನಾನು ಕಳಿಸುವುದಿಲ್ಲ. ಒಪ್ಪಿದರೂ ಮಾತ್ರೆ ಒಂದು ದಿನವೂ ತಪ್ಪಬಾರದು. ಅದನ್ನು ನಿಮ್ಮಿಂದ ಮಾತು ತೆಗೆದುಕೊಂಡೇ ಕಳಿಸುತ್ತೇನೆ.

ತಾಯಿಗೆ ಹೇಳಲು ಹೆದರಬೇಡಿ. ನನ್ನ ಅನುಭವದಲ್ಲಿ ತಾಯಂದಿರು ನಾವು ತಿಳಿದಷ್ಟು ಮೆತ್ತಗಿರುವುದಿಲ್ಲ. ಪೊಲೀಸರ ವಿಷಯ ನನಗೆ ಬಿಡಿ. ಗುರುತು ತಪ್ಪಿದ್ದು ಅಪರಾಧವಲ್ಲ. ಹೇಳಿಕೆ ಕೊಡುವ ದಿನ ನಮ್ಮ ವಕೀಲರನ್ನು ಕರೆದುಕೊಂಡು ನಾನೇ ಜೊತೆಗೆ ಬರುತ್ತೇನೆ.

ಸರ್ವಮಂಗಳಮ್ಮ


ಕರಿಗುಡ್ಡದಹಟ್ಟಿ
21 ಅಕ್ಟೋಬರ್ 2024

ಮಂಗಳಕ್ಕನವರಿಗೆ,

ಅವ್ವ ನಿಮ್ಮನ್ನು ಹಾಗೇ ಕರೆಯುತ್ತಾಳೆ, ನಾನೂ ಹಾಗೇ ಬರೆಯುತ್ತಿದ್ದೇನೆ. ಅಕ್ಕ ಮನೆಗೆ ಬಂದು ತಿಂಗಳಾಗುತ್ತ ಬಂತು. ಮಾತ್ರೆ ತಪ್ಪಿಲ್ಲ. ಕೆಲವು ರಾತ್ರಿ ಎದ್ದು ಕೂರುತ್ತಾಳೆ, ಅವ್ವ ಪಕ್ಕದಲ್ಲೇ ಮಲಗುತ್ತಾಳೆ. ಸಂತೆಗೆ ಮಾತ್ರ ಇನ್ನೂ ಬರುವುದಿಲ್ಲ.

ಅವ್ವನಿಗೆ ನಾನು ಹೇಗೆ ಹೇಳಿದೆ ಎಂದು ನೀವು, ನಾವು ಅಕ್ಕನನ್ನು ಕರೆದೊಯ್ಯಲು ಬಂದ ದಿನ ಕೇಳಿದಿರಿ, ಎಲ್ಲರ ಮುಂದೆ ಹೇಳಲಾಗಲಿಲ್ಲ. ಹೊಲದಲ್ಲಿ ಮೆಕ್ಕೆಜೋಳದ ಸಾಲಿನ ಹುಲ್ಲು ಕೊಯ್ಯುವಾಗ ಹೇಳಿದೆ. ಫೋಟೋ ಕೈಗೆ ಕೊಟ್ಟೆ. ಅವಳು ಅಳಲಿಲ್ಲ. ಎದ್ದು ಬೇವಿನ ಮರದವರೆಗೆ ಹೋಗಿ, ತಿರುಗಿ ಬಂದಳು. “ಹಂಗಾದ್ರೆ ಇದ್ಯಾರ ಮಗಳೋ, ಕೆಂಚಾ?” ಎಂದಳು. ಆಮೇಲೆ, “ನಡಿ, ನ್ಯಾಮ್ತಿಗೆ ಹೋಗಾಣ” ಎಂದಳು. ಕುಡುಗೋಲು ಅಲ್ಲೇ ಬಿಟ್ಟು ಬಂದಿದ್ದಳು.

ನಿಮ್ಮಲ್ಲಿ ಅಕ್ಕ ಸೀರೆಯ ವಿಷಯ ಕೇಳಿದ್ದು, ಮದುವೆ ಸೀರೆ ಉಡಿಸಿದೆವು ಎಂದು ಅವ್ವ ಹೇಳಿದ್ದು, ಇಬ್ಬರೂ ತಬ್ಬಿಕೊಂಡದ್ದು ನೀವೇ ನೋಡಿದಿರಿ. ಊರಲ್ಲಿ ಮೊದಲ ವಾರ ಜನ ಬಾಗಿಲಿಗೇ ಬಂದು ನೋಡಿದರು. ಕೆಲವರು ಅಕ್ಕನನ್ನು ಮುಟ್ಟಿ ನೋಡಿದರು. “ನೋಡ್ರಿ, ಬಿಸಿ ಐತೆ” ಎಂದು ಅವಳೇ ಕೈ ಮುಂದೆ ಮಾಡಿದಳು. ನಕ್ಕು ನಕ್ಕು ಎಲ್ಲರೂ ಹೋದರು.

ಮಹಾಲಯ ಅಮಾವಾಸ್ಯೆ ಬಂತು. ಈ ಸಲ ಬೇವಿನ ಮರಕ್ಕೆ ಎಡೆ ಇಡುವುದೋ ಬೇಡವೋ ಎಂದು ನಾನು ಅನುಮಾನಿಸಿದೆ. ಅಡುಗೆ ಮಾಡಿ ಎಡೆ ಹೊತ್ತುಕೊಂಡು ಹೊರಟವಳು ಅಕ್ಕ. “ನನ್ನ ಹೆಸರಿನ ಊಟ ಇಷ್ಟು ವರ್ಷ ಅವಳು ಉಂಡಾಳೆ. ಈಗ ಇದ್ದಕ್ಕಿದ್ದಂಗೆ ಉಪಾಸ ಕೆಡವಾಕೆ ಆಗ್ತೈತಾ?” ಎಂದಳು. ಅಲ್ಲಿ ಕೂತು ನನ್ನನ್ನು ಕೇಳಿದಳು: “ಅವಳು ಹೆಂಗಿದ್ಲೋ?”

ಇಷ್ಟು ವರ್ಷ ಯಾರೂ ಕೇಳಿರಲಿಲ್ಲ. ಕಣ್ಣು ಮುಚ್ಚಿಕೊಂಡು ನೆನಪು ಮಾಡಿಕೊಂಡೆ. ಎಡಗೈಯಲ್ಲಿ, ಮೊಣಕೈಗಿಂತ ಸ್ವಲ್ಪ ಕೆಳಗೆ, ಒಳಭಾಗದಲ್ಲಿ ಹಳೆಯ ಸುಟ್ಟ ಕಲೆ ಇತ್ತು. ವೀಳ್ಯದೆಲೆಯಷ್ಟು ಅಗಲ. ಆಗ ನೋಡಿದಾಗ, ಗಂಡನ ಮನೆಯಲ್ಲಿ ಒಲೆಯ ಮುಂದೆ ಸುಟ್ಟುಕೊಂಡಿರಬೇಕು ಎಂದುಕೊಂಡಿದ್ದೆ. “ಅವಳ ಮನೆಯೋರಿಗೂ ಯಾರಾದ್ರೂ ಕಾಗದ ಬರೀಬೇಕಲ್ಲ. ಮಂಗಳಕ್ಕಂಗೆ ಬರಿ” ಎಂದಳು ಅಕ್ಕ. ಅದಕ್ಕೇ ಬರೆಯುತ್ತಿದ್ದೇನೆ. ನಿಮ್ಮ ಕೈಲಾದರೆ ನೋಡಿ.

ನಿಮ್ಮ ಕೆಂಚೇಶ್


ನ್ಯಾಮತಿ
12 ಡಿಸೆಂಬರ್ 2024

ತಮ್ಮಾ ಕೆಂಚೇಶ್,

ಉತ್ತರ ತಡವಾಯಿತು. ಪೊಲೀಸರಿಗೆ ಹೇಳಿಕೆ ಕೊಡಲು ಹೋದ ದಿನವೇ ಹುಡುಕಾಟ ಶುರುವಾದದ್ದನ್ನು ನಿನಗೆ ಹೇಳಬಹುದಿತ್ತು, ಆದರೆ ಖಾತ್ರಿಯಿಲ್ಲದೆ ಆಸೆ ಹುಟ್ಟಿಸಬಾರದು ಎಂದು ಸುಮ್ಮನಿದ್ದೆ.

ದಾವಣಗೆರೆಯ ನಮ್ಮ ಮುಖ್ಯ ಕಚೇರಿಯವರು ಹುಲಿಗೆಮ್ಮ ಮನೆ ಸೇರಿದ ಫೋಟೋ ವರದಿಗೆ ಬೇಕು ಎಂದಿದ್ದರು. ಅವಳನ್ನು ಕೇಳಿದಾಗ ಬೇಡ ಎಂದಳು, ನಾನು ಕಳಿಸಲಿಲ್ಲ. ಈಗ ಬೇವಿನ ಮರದವಳ ವಿಷಯ ತೆಗೆದಾಗ, “ಮೇಡಂ, ನಮ್ಮ ಕೆಲಸ ಬದುಕಿರೋರಿಗೆ. ಸತ್ತೋರನ್ನ ಹುಡುಕೋದು ಪೊಲೀಸರ ಕೆಲಸ” ಎಂದರು. “ಅವಳ ದಾರಿ ಕಾಯ್ತಾ ಇರೋರು ಬದುಕಿದಾರಲ್ಲ” ಎಂದೆ. “ನಿಮ್ಮ ಬಿಡುವಿನಲ್ಲಿ ಮಾಡಿಕೊಳ್ಳಿ” ಎಂದರು. ನಮಗೆ ಬಿಡುವು ಎಲ್ಲಿದೆ ಎಂಬುದು ಅವರಿಗೂ ಗೊತ್ತು. ಆದರೂ ಅದು ಒಪ್ಪಿಗೆಯೇ.

ಚನ್ನಗಿರಿ, ಹೊನ್ನಾಳಿ ಕಡೆ ಹೆಣ್ಣುಮಕ್ಕಳ ನಡುವೆ ಕೆಲಸ ಮಾಡುವ ಸಂಸ್ಥೆಗಳಿಗೆಲ್ಲ ಹೇಳಿದೆ. ಊರೂರಿಗೆ ಹೋಗುವವರು ಅವರು. ಆ ವರ್ಷ ಆಷಾಢದ ಹೊತ್ತಿಗೆ ಕಾಣೆಯಾದವರು, ಎಡಗೈಯಲ್ಲಿ ಸುಟ್ಟ ಕಲೆ ಇದ್ದವರು ಯಾರಾದರೂ ಇದ್ದಾರೆಯೇ ಎಂದು ಕೇಳುತ್ತ ಹೋದರು. ಹೊನ್ನಾಳಿಯವರು ಕಳೆದ ವಾರ ಒಬ್ಬರನ್ನು ನನ್ನ ಹತ್ತಿರ ಕರೆತಂದರು.

ಮಹೇಶ್ವರಪ್ಪ ಎಂದು ಹೆಸರು. ಹೊನ್ನಾಳಿ ಹತ್ತಿರದ ಹಳ್ಳಿ, ಕಬ್ಬು ಬೆಳೆಯುವವರು. ಮಗಳು ವಾಣಿಶ್ರೀ. ಚಿಕ್ಕವಳಿದ್ದಾಗ ಆಲೆಮನೆಯಲ್ಲಿ ಬಿಸಿ ಪಾಕ ಸಿಡಿದು ಎಡಗೈ ಸುಟ್ಟಿತ್ತಂತೆ. 2018ರ ಆಷಾಢಕ್ಕೆ ತವರಿಗೆ ಹೋಗುತ್ತೇನೆ ಎಂದು ಗಂಡನ ಮನೆಯಿಂದ ಹೊರಟವಳು ತವರು ಸೇರಲಿಲ್ಲ. ಓಡಿಹೋದಳು ಎಂದು ಗಂಡನ ಮನೆಯವರು ಹೇಳಿದರು. ಊರೂ ಹಾಗೇ ನಂಬಿತು. ಇವರೊಬ್ಬರು ನಂಬಲಿಲ್ಲ.

ನೀನು ಬರೆದ ಸಾಲುಗಳನ್ನು ಓದಿ ಹೇಳಿದೆ. ಕೇಳಿಸಿಕೊಂಡು ಎದ್ದರು, ಗೇಟಿನವರೆಗೆ ಹೋಗಿ ಮತ್ತೆ ಬಂದು ಕೂತರು. “ಆ ಜಾಗ ನೋಡಬೋದೇನ್ರೀ?” ಎಂದರು.

ಅವಳೇ ಎಂದು ನಾನು ಹೇಳಲಾರೆ, ತಮ್ಮಾ. ಅಲ್ಲ ಎಂದೂ ಹೇಳಲಾರೆ. ಡಿಎನ್‌ಎ ಪರೀಕ್ಷೆಗೆ ಅರ್ಜಿ ಕೊಡಬಹುದು ಎಂದು ಅವರಿಗೆ ತಿಳಿಸಿದ್ದೇನೆ. ಸಂಕ್ರಾಂತಿ ಕಳೆದ ಮೇಲೆ ಬರುತ್ತಾರೆ. ನಾನೂ ಬರಬೇಕಿತ್ತು. ಆದರೆ ಮೊನ್ನೆ ಹೊಸಬಳೊಬ್ಬಳು ಬಂದಿದ್ದಾಳೆ, ನನ್ನನ್ನು ಬಿಟ್ಟು ಯಾರ ಕೈಯಿಂದಲೂ ಅನ್ನ ತಿನ್ನುತ್ತಿಲ್ಲ. ಅವರನ್ನು ನಿಮ್ಮ ಮನೆಗೇ ಕಳಿಸುತ್ತಿದ್ದೇನೆ.

ಮಂಗಳಕ್ಕ


ಕರಿಗುಡ್ಡದಹಟ್ಟಿ
20 ಜನವರಿ 2025

ಮಂಗಳಕ್ಕಾ,

ಅವರು ನಿನ್ನೆ ಬಂದಿದ್ದರು. ಬೈಕಿನಲ್ಲಿ ಜಗಳೂರಿಗೆ ಹೋಗಿ ಬಸ್ ನಿಲ್ದಾಣದಿಂದ ಕರೆತಂದೆ. ಹಣೆಗೆ ವಿಭೂತಿ, ಬಿಳಿ ಅಂಗಿ, ಕೈಯಲ್ಲಿ ಹೂವಿನ ಪೊಟ್ಟಣ. ದಾರಿಯುದ್ದಕ್ಕೂ ನನ್ನ ಹೆಗಲ ಮೇಲೆ ಕೈಯಿಟ್ಟು ಕೂತಿದ್ದರು.

ಬದುವಿನ ತುದಿಯಲ್ಲೇ ಚಪ್ಪಲಿ ಬಿಟ್ಟು ಬೇವಿನ ಮರದವರೆಗೆ ನಡೆದರು. ಹೂವಿಟ್ಟು, ಮಣ್ಣಿನ ಮೇಲೆ ಅಂಗೈ ಊರಿ ಕೂತರು. ಬಹಳ ಹೊತ್ತಾದ ಮೇಲೆ ಅಂಗಿಯ ಎಡತೋಳು ಮೇಲೆ ಮಡಚಿ, ಕೈಯನ್ನು ನನ್ನ ಮುಂದೆ ಚಾಚಿದರು.

“ಎಲ್ಲಿತ್ತು ಅಂತ ತೋರಿಸಪ್ಪ.”

ಅವರ ಕೈಯ ಮೇಲೆ ಬೆರಳಿಟ್ಟು ತೋರಿಸಿದೆ. ಅವರು ಕಣ್ಣು ಮುಚ್ಚಿದರು.

“ಅಲ್ಲೇ” ಎಂದರು. ಆಮೇಲೆ, “ಬೇರೆ ಯಾರದ್ದಾದ್ರೂ ಇರಬೋದು, ಅಲ್ವಾ?” ಎಂದರು.

“ಇರಬೋದು ರೀ” ಎಂದೆ. ಬೇರೆ ಏನು ಹೇಳಲಿ? ಪರೀಕ್ಷೆಯ ವಿಷಯ ನೆನಪಿಸಿದೆ. “ಆಮೇಲೆ ನೋಡಾಣ. ಈಗ ಮಲಗಿದಾಳೆ, ಮಲಗ್ಲಿ” ಎಂದರು.

ಮನೆಗೆ ಕರೆದುಕೊಂಡು ಬಂದೆ. ಅಕ್ಕ ಬೆಳಿಗ್ಗೆಯಿಂದ ಅಡುಗೆ ಮಾಡಿದ್ದಳು. ನಮ್ಮ ಕೇರಿಯ ಮನೆಗಳಲ್ಲಿ ಅವರ ಕಡೆಯವರು ಊಟಕ್ಕೆ ಕೂತದ್ದನ್ನು ನಾನು ಇದುವರೆಗೆ ನೋಡಿಲ್ಲ. ಅವರಿಗೆ ಮುಜುಗರವಾಗಬಾರದು ಎಂದು ಹೊರಗಿನ ಕಟ್ಟೆಯ ಮೇಲೆ ಚಾಪೆ ಹಾಸಿ, ಬಾಳೆಹಣ್ಣು ಇಟ್ಟಿದ್ದೆ. ಅವರು ಕಾಲು ತೊಳೆದು, ಚಾಪೆಯನ್ನು ನೋಡಿ, ಅದನ್ನು ದಾಟಿ ಒಳಗೆ ಬಂದು ಅವ್ವನ ಪಕ್ಕದಲ್ಲಿ ನೆಲದ ಮೇಲೆ ಕೂತರು.

ಅಕ್ಕ ತಟ್ಟೆ ಇಟ್ಟಳು. ಅವರು ಅವಳನ್ನೇ ನೋಡಿ, “ಮನೆಗೆ ಬಂದೆಯಲ್ಲವ್ವಾ, ಒಳ್ಳೇದಾತು” ಎಂದರು. ನಿಜವಾಗಿಯೂ ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಅಕ್ಕನಿಗೆ ಅಲ್ಲಿ ನಿಲ್ಲಲಾಗಲಿಲ್ಲ, ಒಲೆಯ ಹತ್ತಿರ ಹೋದಳು.

ರೊಟ್ಟಿ ಮುರಿದವರು ಬಾಯಿಗಿಡಲಿಲ್ಲ. “ಒಂದೇ ಕೊರಗಿತ್ತು ನಂಗೆ” ಎಂದು ಅವ್ವನಿಗೆ ಹೇಳಿದರು. “ಹೋದ್ಲು ಅಂತ ಒಳಗೊಳಗೇ ಗೊತ್ತಿತ್ತು. ಆದ್ರೆ ಅನಾಥ ಹೆಣ ಅಂತ ಎಲ್ಲೋ ಎಳೆದು ಹಾಕಿರ್ತಾರೆ, ನನ್ನ ಮಗಳಿಗೆ ಅಂತ ಒಬ್ರೂ ಅತ್ತಿರಲ್ಲ ಅಂತ.”

ಅವ್ವ ಅವರ ಕೈ ಹಿಡಿದುಕೊಂಡಳು ಮಂಗಳಕ್ಕಾ. ನಾನು ಗಾಬರಿಯಾದೆ. ಅವರು ಕೈ ಬಿಡಿಸಿಕೊಳ್ಳಲಿಲ್ಲ.

“ಹಂಗನ್ಕಬ್ಯಾಡ್ರಿ, ಯಜಮಾನ್ರೇ” ಎಂದಳು ಅವ್ವ. “ನನ್ನ ಕೈಯಾರೆ ಅರಿಶಿಣ ಹಚ್ಚಿ, ನನ್ನ ಮಗಳ ಮದ್ವೆ ಸೀರೆ ಉಡಿಸಿ ಕಳಿಸೀನಿ. ಆರು ವರ್ಷ ಅತ್ತೀನಿ. ಹೊತ್ತು ಹೆತ್ತ ಮಗಳಿಗೆ ಅಳ್ತಾರಲ್ಲ, ಹಂಗೇ ಅತ್ತೀನಿ. ಹೆಸರು ಒಂದು ತಪ್ಪಾಗೈತೆ ನೋಡ್ರಿ, ಅಷ್ಟೇಯ.”

ಅವರು ಮುರಿದಿಟ್ಟ ರೊಟ್ಟಿಯನ್ನು ಮತ್ತೆ ಕೈಗೆತ್ತಿಕೊಂಡರು. ಆಮೇಲೆ ಊಟ ಮಾಡಿದರು. ಅಕ್ಕ ಒಲೆಯ ಹತ್ತಿರದಿಂದ ಬಂದು ಇನ್ನೊಂದು ಬಿಸಿ ರೊಟ್ಟಿ ಹಾಕಿದಳು. ಬೇಡ ಎನ್ನಲಿಲ್ಲ.

ನಿಮ್ಮ ತಮ್ಮ,
ಕೆಂಚೇಶ್